ನೋಡಾಳು

ಮುನಿಕೃಷ್ಣಪ್ಪ ಬಿದಿರ ಗಳುವಿನ ಮೇಲೆ ಕಾಲೊತ್ತಿ ಹಗ್ಗ ಎಳೆದು ಗಂಟು ಬಿಗಿದ. ಕಟ್ಟಡಗಳಿಗೆ ಸಾರುವೆ ಕಟ್ಟಿಸಿ ಪಳಗಿದ ಕೈ. ಚಟ್ಟ ಕಟ್ಟುವುದು ಅವನಿಗೊಂದು ದೊಡ್ಡ ಕೆಲಸವಾಗಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಂಡು ತಲೆಯೆತ್ತಿ ಬಿಸಿಲು ನೋಡಿದ. ಯುಗಾದಿ ಕಳೆದು ಇನ್ನೂ ವಾರವಾಗಿರಲಿಲ್ಲ, ಶೆಟ್ಟಿಹಳ್ಳಿಯ ಹೆಂಚುಗಳು ಬೆಳಿಗ್ಗೆಯೇ ಕಾದಿದ್ದವು.

"ಚಿಕ್ಕಮ್ಮ, ಚಟ್ಟ ಆಯ್ತು. ಗುಂಡೀನೂ ಆಯ್ತಂತೆ. ಮೈಗೆ ನೀರು ಉಯ್ಯೋದೇನು?"

ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಪಕ್ಕದಲ್ಲಿ ಮುನಿಶಾಮಮ್ಮ ಸೆರಗಿನಿಂದ ನೊಣ ಓಡಿಸುತ್ತಾ ಕೂತಿದ್ದಳು. ಚಿಕ್ಕಹನುಮಯ್ಯನ ಪ್ರಾಣ ಹೋದದ್ದು ಹಿಂದಿನ ದಿನ ಬೆಳಗಿನ ಜಾವ. ಒಂದು ರಾತ್ರಿ ಆಗಲೇ ಕಳೆದಿತ್ತು.

"ತಡಿ ಮಗ. ಗೌರಿಬಿದನೂರು ಗಾಡಿ ಬಂದೋಗ್ಲಿ."

"ಗಾಡಿ ದಿನಾ ಬತ್ತದೆ ಚಿಕ್ಕಮ್ಮ. ಅದರಾಗೆ ಅವ್ರು ಬರ್ಬೇಕಲ್ಲ."

ಮುನಿಶಾಮಮ್ಮ ಬೀದಿಯ ತಿರುವಿನ ಕಡೆ ನೋಡಿದಳು. ಮುನಿಕೃಷ್ಣಪ್ಪ ಚಟ್ಟದ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಕೆಟ್ಟವನಲ್ಲ ಅವನು. ಚಿಕ್ಕಪ್ಪನಿಗೆ ಮಕ್ಕಳಿರಲಿಲ್ಲ, ಅಣ್ಣನ ಮಗನಾದ ತಾನೇ ಮಣ್ಣು ಮಾಡಬೇಕೆಂದು ಯಾರೂ ಹೇಳುವ ಮೊದಲೇ ಬಂದು ನಿಂತಿದ್ದ. ಆದರೆ ಚಿಕ್ಕಪ್ಪ ಒಂದು ಕಾಲಕ್ಕೆ ಇದ್ದ ಹಾಗೆ ಅವನೂ ಆಳು ತರುವ ಮೇಸ್ತ್ರಿ. ಸಂಜೆ ಗೊರಗುಂಟೆಪಾಳ್ಯಕ್ಕೆ ಒಂದು ಲಾರಿ ಜನ ಬಂದಿಳಿಯುವುದಿತ್ತು, ಅವರನ್ನು ಎಣಿಸಿಕೊಂಡು ಕಂಟ್ರಾಕ್ಟರಿಗೆ ಒಪ್ಪಿಸದಿದ್ದರೆ ಬೇರೆ ಮೇಸ್ತ್ರಿ ಹಾರಿಸಿಕೊಂಡು ಹೋಗುತ್ತಿದ್ದ.

ಅಂಗಳದಲ್ಲಿ ಜನ ಕಡಿಮೆ. ಸಾವಿನ ಮನೆಗೆ ಜನ ಸೇರುವುದು ಸತ್ತವನಿಗಾಗಿ ಅಲ್ಲ, ಉಳಿದವರ ಮುಲಾಜಿಗೆ. ಇಲ್ಲಿ ಉಳಿದವಳು ಮುನಿಶಾಮಮ್ಮ ಒಬ್ಬಳು. ಅವಳಿಗೆ ಹೊಲವಿಲ್ಲ, ಮಗನಿಲ್ಲ, ನಾಳೆ ಯಾರಿಗೂ ಒದಗುವವಳಲ್ಲ. ತಮಟೆಯವರು ಬಂದು ನೆರಳಲ್ಲಿ ಬೀಡಿ ಸೇದುತ್ತಾ ಕೂತಿದ್ದರು. ಪಕ್ಕದ ಮನೆಯ ದೊಡ್ಡಮುನಿಯಮ್ಮ ಮಾತ್ರ ರಾತ್ರಿಯಿಂದ ಕದಲಿರಲಿಲ್ಲ. ಅವಳ ಬಾಯಿ ಕಹಿ, ಮನಸ್ಸು ಹಾಗಲ್ಲ.

"ಶಾಮಕ್ಕ, ಯೋಳ್ತೀನಿ ಅಂತ ಬೇಜಾರ್ ಮಾಡ್ಕಬ್ಯಾಡ," ಎಂದಳು ಅವಳು. "ಆ ಕಲ್ಲುಗುಟ್ಟೆಯೋರು ಬರೋದಾಗಿದ್ರೆ ಈ ಐದು ವರ್ಸದಾಗೆ ಒಂದಿನ ಬರ್ತಿರ್ಲಿಲ್ವಾ? ಬದುಕಿದ್ದಾಗ ಬರ್ದೋರು ಸತ್ತಾಗ ಬತ್ತಾರಾ?"

"ಬರ್ದಿದ್ರೆ ಬಿಡ್ಲಿ. ಕಾಯೋದು ನನ್ ಕೆಲ್ಸ."

ಹಿಂದಿನ ದಿನ ಉಸಿರು ಮೇಲಕ್ಕೆ ಕಟ್ಟುತ್ತಿದ್ದಾಗ ಚಿಕ್ಕಹನುಮಯ್ಯ ಅವಳ ಮಣಿಕಟ್ಟು ಹಿಡಿದುಕೊಂಡು ಹೇಳಿದ್ದು ಒಂದೇ ಮಾತು. "ಕಲ್ಲುಗುಟ್ಟೆಗೆ ಯೋಳ್ ಕಳ್ಸು. ಅವ್ರಾಗೆ ಯಾರಾನ ಒಬ್ರು ಬಂದು ನಂಗೊಂದ್ ಹಿಡಿ ಮಣ್ಣಾಕಿದ್ರೆ ಸಾಕು." ಬರದಿದ್ದರೆ ಏನು ಮಾಡಬೇಕೆಂದು ಹೇಳಲಿಲ್ಲ. ಬರುವುದಿಲ್ಲವೆಂದೇ ಅವನಿಗೆ ಅನಿಸಿತ್ತೋ ಏನೋ, ಕೈ ಬಿಟ್ಟು ಗೋಡೆಯ ಕಡೆ ಹೊರಳಿದ. ಬೆಳಗಾಗುತ್ತಲೇ ಅವಳು ಹಾಲಿನವನ ಕೈಯಲ್ಲಿ ಯಶವಂತಪುರ ಸ್ಟೇಷನ್ನಿನ ಎದುರಿನ ಟೀ ಅಂಗಡಿಯ ಜಾಫರನಿಗೆ ಹೇಳಿ ಕಳಿಸಿದ್ದಳು. ಜಾಫರ್ ಹುಣಸೆಹಣ್ಣು ಮಾರಿ ಊರಿಗೆ ಹಿಂದಿರುಗುತ್ತಿದ್ದ ಆ ಕಡೆಯ ಹೆಂಗಸರಿಗೆ ಸುದ್ದಿ ಮುಟ್ಟಿಸಿದ್ದ. ಅಲ್ಲಿಂದಾಚೆಗೆ ಸುದ್ದಿ ಹೋಯಿತೋ ಇಲ್ಲವೋ ಯಾರಿಗೆ ಗೊತ್ತು.

* * *

ಜಾಲಹಳ್ಳಿಯ ಕಡೆ ಕಾರ್ಖಾನೆ ಬಂದು ಹೊಲ ಹೋದ ವರ್ಷ ಚಿಕ್ಕಹನುಮಯ್ಯ ಮೇಸ್ತ್ರಿಯಾದ. ರಾಗಿ ಬೆಳೆಯುತ್ತಿದ್ದ ನೆಲದ ಸುತ್ತ ಕಾಂಪೌಂಡು ಎದ್ದಿತು. ಅದರ ಪಕ್ಕದಲ್ಲಿ ಕ್ವಾರ್ಟರ್ಸು, ರಸ್ತೆ, ಮೋರಿ. ಎಲ್ಲಿ ನೋಡಿದರೂ ಮಣ್ಣು ಅಗೆಯುವ ಕೆಲಸ. ಊರಿನವರ ಕೈ ಸಾಲದೆ ಕಂಟ್ರಾಕ್ಟರುಗಳು ಹೊರಗಿನಿಂದ ಜನ ತರಿಸಲು ನೋಡುತ್ತಿದ್ದರು. ಚಿಕ್ಕಹನುಮಯ್ಯನ ತಾಯಿ ಗೌರಿಬಿದನೂರಿನ ಕಡೆಯವಳು. ಅವನಿಗೆ ತೆಲುಗು ಬರುತ್ತಿತ್ತು, ಆ ಕಡೆಯ ಹಳ್ಳಿಗಳ ಹಾದಿ ಗೊತ್ತಿತ್ತು. ಅಷ್ಟೇ ಅವನ ಯೋಗ್ಯತೆ.

ಆಗ ಉಳಿದ ಮೇಸ್ತ್ರಿಗಳು ಜನ ತರುತ್ತಿದ್ದ ರೀತಿಯೇ ಬೇರೆ. ಸುಗ್ಗಿ ಮುಗಿದು ಕೈಗೆ ಕೆಲಸವಿಲ್ಲದ ತಿಂಗಳಲ್ಲಿ ಹಳ್ಳಿಗೆ ಹೋಗಿ ಅರಳಿಕಟ್ಟೆಯ ಮೇಲೆ ಕೂರುವುದು, ಇರಲು ಮನೆ, ಭಾನುವಾರ ರಜೆ, ಹಬ್ಬಕ್ಕೆ ಬಟ್ಟೆ ಎನ್ನುವುದು. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ ಹಾಲು ಬರುತ್ತದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಿದ್ದರು. ನಂಬಿ ಬಂದವರು ಬಯಲಲ್ಲಿ ತಗಡು ಒರಗಿಸಿಕೊಂಡು ಮಲಗಬೇಕಾಗುತ್ತಿತ್ತು. ತಿರುಗಿ ಹೋಗೋಣವೆಂದರೆ ಹಾದಿ ಗೊತ್ತಿಲ್ಲ.

ಚಿಕ್ಕಹನುಮಯ್ಯ ಸುಳ್ಳು ಬಾರದ ಸತ್ಯವಂತನೇನಲ್ಲ, ಹೆಂಡತಿಗೆ ದಿನಕ್ಕೊಂದು ಹೇಳುತ್ತಿದ್ದ. ಆದರೆ ಮೊದಲ ಸಲ ಕಲ್ಲುಗುಟ್ಟೆಯ ಕಟ್ಟೆಯ ಮೇಲೆ ಕೂತು, "ಅಲ್ಲಿ ನೀರು ಚೆನ್ನಾಗೈತೆ" ಎಂದಾಗ, ಮೂಲೆಯಲ್ಲಿ ಕೂತಿದ್ದ ನರಸಯ್ಯನೆಂಬ ಊರ ಹಿರಿಯ ನಕ್ಕುಬಿಟ್ಟ.

"ಹೆಣ್ಣು ಕೇಳಾಕ್ ಬಂದೋರೂ ಇಂಗೇ ಯೋಳ್ತಾರೆ ಕಣಪ್ಪ," ಎಂದ ನರಸಯ್ಯ.

ಚಿಕ್ಕಹನುಮಯ್ಯನಿಗೆ ನಾಚಿಕೆಯಾಯಿತು. "ಅಂಗಾದ್ರೆ ಮನೆ ನೋಡಾಕ್ ಬನ್ನಿ," ಎಂದ. "ಹೆಣ್ಣು ಕೊಡೋಕ್ ಮುಂಚೆ ಮನೆ ನೋಡಲ್ವಾ? ಆಳು ಕೊಡೋಕ್ ಮುಂಚೆನೂ ನೋಡಿ. ನಿಮ್ಮಾಗೆ ಒಬ್ರು ಬಂದು, ಒಂದ್ ರಾತ್ರಿ ಮಲ್ಗಿ, ನೀರು ಕುಡ್ದು, ವಾಪಸ್ ಬಂದು ಊರಿಗೆ ಯೋಳಿ. ಬರೋದು ಬಿಡೋದು ಆಮೇಲಿನ ಮಾತು."

ನರಸಯ್ಯನೇ ಹೊರಟು ಬಂದ. ಜನ ಇರಬೇಕಾದ ಗುಡಿಸಲಲ್ಲೇ ಮಲಗಿದ. ಮಲಗುವ ಮೊದಲು ಅಂಗಿ ಬಿಚ್ಚಿ ಬರಿಮೈಯಲ್ಲಿ ನೆಲದ ಮೇಲೆ ಅಂಗಾತ ಹೊರಳಿ, ನೆಲ ಶೀತವೋ ಅಲ್ಲವೋ ಎಂದು ಬೆನ್ನಿಗೇ ಕೇಳಿದ. ಬಾವಿಯ ನೀರು ಕುಡಿದ. ಎಷ್ಟು ಹೊತ್ತು ಕೆಲಸ, ಕಾಯಿಲೆ ಬಿದ್ದರೆ ಏನು ಗತಿ ಎಂಬುದನ್ನೆಲ್ಲ ಕಂಟ್ರಾಕ್ಟರನ ಲೆಕ್ಕ ಬರೆಯುವ ರೈಟರನ ಬಾಯಿಂದಲೇ ಹೇಳಿಸಿಕೊಂಡ. ಊರಿಗೆ ಹೋಗಿ ಆಗಬಹುದೆಂದ. ಆಮೇಲೆ ಜನ ಬಂದರು. ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಯಾವ ಊರಿನಿಂದ ಜನ ತರುವುದಾದರೂ ಮೊದಲು ಆ ಊರಿನವನೊಬ್ಬ ಬಂದು ನೋಡಿ ಹೋಗಬೇಕು. ಅವನಿಗೆ ನೋಡಾಳು ಎಂದು ಹೆಸರಾಯಿತು.

"ಚಿಕ್ಕಹನುಮಯ್ಯ ಆಳು ತರಲ್ಲ ಕಣ್ರೀ, ಬೀಗರನ್ನ ತರ್ತಾನೆ," ಎಂದು ಕಂಟ್ರಾಕ್ಟರುಗಳು ನಗುತ್ತಿದ್ದರು. ನಕ್ಕರೂ ಅವನನ್ನು ಬಿಡುತ್ತಿರಲಿಲ್ಲ. ನೋಡಿ ಬಂದ ಜನ ನಡುವೆ ಓಡಿಹೋಗುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ಒಂದು ಕಾರ್ತಿಕದಲ್ಲಿ ಗೊರಗುಂಟೆಪಾಳ್ಯದ ಆಚೆ ಹೊಸ ಕೆಲಸ ಶುರುವಾಗುವುದಿತ್ತು. ನರಸಯ್ಯ ನೋಡಲು ಬಂದ. ಮಳೆ ಚೆನ್ನಾಗಿ ಆಗಿತ್ತು. ಬಾವಿಗೆ ಹಗ್ಗವೇ ಬೇಡ, ಬಗ್ಗಿದರೆ ಚೊಂಬಿಗೆ ನೀರು. ಬೊಗಸೆಯಲ್ಲಿ ಕುಡಿದು, "ಎಳ್ನೀರಂಗೈತೆ ಮೇಸ್ತ್ರಿ," ಎಂದು ಮೀಸೆ ಒರೆಸಿಕೊಂಡ. ಊರಿಗೆ ಹೋಗಿ ಅದನ್ನೇ ಹೇಳಿದ.

ಆದರೆ ಕಂಟ್ರಾಕ್ಟರಿಗೆ ಏನೇನೋ ಅಡ್ಡಿಗಳು ಬಂದು ಕೆಲಸ ಮುಂದಕ್ಕೆ ಹೋಯಿತು. ಜನ ಬೇಕೆಂದು ಹೇಳಿಕಳಿಸಿದ್ದು ಶಿವರಾತ್ರಿ ಕಳೆದ ಮೇಲೆ.

"ಇನ್ನೊಂದ್ ಕಿತ ನೋಡಾಕ್ ಕರೀಬಾರ್ದಾ?" ಎಂದು ಮುನಿಶಾಮಮ್ಮ ರೊಟ್ಟಿ ತಟ್ಟುತ್ತಾ ಕೇಳಿದ್ದಳು.

"ಒಪ್ಪಿದ್ ಮನೇನ ಎರಡ್ನೇ ಕಿತ ಯಾರಾನ ನೋಡ್ತಾರಾ?" ಎಂದಿದ್ದ ಚಿಕ್ಕಹನುಮಯ್ಯ. "ಅನುಮಾನ ಪಟ್ಟಂಗಾಯ್ತದೆ."

ಅದು ನಿಜವೇ. ಹೆಣ್ಣು ಕೊಡುವವರು ಮನೆ ನೋಡುವುದು ಒಂದೇ ಸಲ. ಎಲೆ ಅಡಿಕೆ ಹಿಡಿದ ಮೇಲೆ ಮತ್ತೆ ನೋಡಲು ಬಂದರೆ ಅದು ಅವಮಾನ. ಕಲ್ಲುಗುಟ್ಟೆಯವರಿಗೂ ಹಾಗೇ ತೋರಿತು. ಯಾರೂ ಕೇಳಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು.

* * *

ಹೊತ್ತು ನೆತ್ತಿಗೆ ಬಂದು ಇಳಿಯಿತು. ಗಾಡಿ ಬರುವ ವೇಳೆ ಕಳೆಯಿತು, ಸ್ಟೇಷನ್ನಿನಿಂದ ಶೆಟ್ಟಿಹಳ್ಳಿಗೆ ನಡೆದು ಬರುವಷ್ಟು ಹೊತ್ತೂ ಕಳೆಯಿತು. ಯಾರೂ ಬರಲಿಲ್ಲ. ಮುನಿಶಾಮಮ್ಮ ಬೀದಿಯ ತಿರುವಿನಿಂದ ಕಣ್ಣು ಕಿತ್ತು ಗಂಡನ ಮುಖ ನೋಡಿದಳು. ಮುಖ ಊದಿಕೊಳ್ಳತೊಡಗಿತ್ತು. ಇನ್ನೂ ಇಟ್ಟುಕೊಂಡರೆ ಅವನಿಗೇ ಅವಮಾನವೆನಿಸಿತು.

"ನೀರು ಉಯ್ರಪ್ಪ," ಎಂದಳು.

ನೀರು ಹಾಕಿದರು, ಹೊಸ ಬಟ್ಟೆ ಹೊದಿಸಿದರು, ಹಣೆಗೆ ವಿಭೂತಿ ಬಳಿದರು, ಬಂದವರು ಒಬ್ಬೊಬ್ಬರಾಗಿ ಬಾಯಿಗೆ ಅಕ್ಕಿಕಾಳು ಇಟ್ಟರು. ಮುನಿಶಾಮಮ್ಮ ಅಕ್ಕಿ ಇಡುವಾಗ ಅತ್ತಳು. ಜೋರಾಗಿ ಅಳಲಿಲ್ಲ. ಕಳೆದ ಐದು ವರ್ಷದಲ್ಲಿ ಜೊತೆಗಿದ್ದೂ ಈ ಮನುಷ್ಯನನ್ನು ಒಂದು ದಿನವೂ ನಗಿಸಲಾಗಲಿಲ್ಲವಲ್ಲ ಎಂಬ ದುಃಖ ಅವಳದು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಅಂಗಾಯ್ತು ಇವನ್ ಬದುಕು," ಎಂದು ದೊಡ್ಡಮುನಿಯಮ್ಮ ಮೂಗೊರೆಸಿಕೊಂಡಳು. "ಮುನಿಕಿಷ್ಣ ನೋಡು, ಇದೇ ಕೆಲ್ಸ ಮಾಡ್ತಾನೆ, ಹೆಂಚಿನ್ ಮನೆ ಕಟ್ಕಂಡ."

"ಸುಮ್ಕಿರತ್ತೆ," ಎಂದ ಮುನಿಕೃಷ್ಣಪ್ಪ. ಅವನಿಗೆ ಯಾಕೋ ಆ ಮಾತು ಹಿತವಾಗಲಿಲ್ಲ. 

ತಮಟೆ ಬಡಿತ ಶುರುವಾಯಿತು. ಹೆಗಲು ಕೊಡಲು ಮುನಿಕೃಷ್ಣಪ್ಪನೂ ಅವನ ಕಡೆಯ ಮೂವರು ಆಳುಗಳೂ ಮುಂದೆ ಬಂದರು. ಆ ಆಳುಗಳಿಗೆ ಸತ್ತವನು ಯಾರೆಂಬುದೇ ಗೊತ್ತಿರಲಿಲ್ಲ; ಮೇಸ್ತ್ರಿ ಕರೆದಿದ್ದಕ್ಕೆ ಬಂದಿದ್ದರು. ಊರಾಚೆಯ ಬೇವಿನ ಮರದವರೆಗೆ ಹೆಂಗಸರು ಹೋಗುವುದು ರೂಢಿ. ಮರದ ಹತ್ತಿರ ಹೆಂಗಸರೆಲ್ಲ ನಿಂತರು. ಮುನಿಶಾಮಮ್ಮ ನಿಲ್ಲಲಿಲ್ಲ.

"ಶಾಮಕ್ಕ, ಎಲ್ಗೆ?" ಎಂದು ದೊಡ್ಡಮುನಿಯಮ್ಮ ರಟ್ಟೆ ಹಿಡಿದಳು.

"ಕಲ್ಲುಗುಟ್ಟೆಯೋರ ಕಡೆಯಿಂದ ಅಂತ ಯಾರೂ ಇಲ್ಲ ಅಲ್ಲಿ. ನಾನಾದ್ರೂ ಇರ್ತೀನಿ," ಎಂದು ಕೈ ಬಿಡಿಸಿಕೊಂಡು ಅವಳು ತಮಟೆಯ ಹಿಂದೆ ನಡೆದಳು.

* * *

ಐದು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಗೊರಗುಂಟೆಪಾಳ್ಯದ ಬಾವಿ ತಳ ಕಂಡಿತ್ತು. ಕಲ್ಲುಗುಟ್ಟೆಯವರು ಬಂದಿಳಿದ ದಿನ ಹಗ್ಗಕ್ಕೆ ಹಗ್ಗ ಗಂಟು ಹಾಕಿ ಸೇದಿದರೆ ಕೊಡದಲ್ಲಿ ಬಗ್ಗಡ. ಸೀರೆಯ ಸೆರಗಿನಲ್ಲಿ ಸೋಸಿ ಕುಡಿದರು. ನೋಡಾಳು ನೋಡಿ ಒಪ್ಪಿದ ಬಾವಿ, ತಿಳಿಯಾಗುತ್ತದೆ ಬಿಡು ಎಂದುಕೊಂಡರು. ವಾಂತಿಭೇದಿ ಹತ್ತಿತು. ಮೊದಲು ಹೋದವನು ನರಸಯ್ಯನ ಒಬ್ಬನೇ ಮಗ ಪಿಳ್ಳಣ್ಣ. ಅವನ ಹಿಂದೆ ಇನ್ನಿಬ್ಬರು.

ಚಿಕ್ಕಹನುಮಯ್ಯ ಶೆಟ್ಟಿಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ನೀರು ಹೊಡೆದ. ಅದೇ ಗಾಡಿಯಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಸಾಗಿಸಿದ. ಸತ್ತವರ ಗುಂಡಿ ತಾನೇ ತೋಡಿದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಂಟ್ರಾಕ್ಟರ ಹತ್ತಿರ ಹೋಗಿ ಕೂಗಾಡಿದ್ದಕ್ಕೆ ರೈಟರ್ ತಣ್ಣಗೆ, "ಬಾವೀನ ನಾವೇನು ಬಚ್ಚಿಟ್ಟಿದ್ವಾ ಚಿಕ್ಕಹನುಮಯ್ಯ? ನಿಮ್ಮೋರೇ ಬಂದು ನೋಡಿ ಒಪ್ಪಿದ್ದಲ್ವಾ?" ಎಂದ.

ಉಳಿದವರು ಊರಿಗೆ ಹೊರಟರು. ಚಿಕ್ಕಹನುಮಯ್ಯ ಯಶವಂತಪುರದವರೆಗೂ ಅವರ ಗಂಟುಗಳನ್ನು ಹೊತ್ತು ಹೋದ. ನರಸಯ್ಯ ರೈಲಿನ ಡಬ್ಬಿ ಹತ್ತಿ ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತ. ಗಾಡಿ ಹೊರಡುವವರೆಗೂ ಈಚೆ ತಿರುಗಲಿಲ್ಲ.

"ಬಾಯ್ತುಂಬ ಬಯ್ದಿದ್ರೂ ಆಗ್ತಿತ್ತು," ಎಂದ ಚಿಕ್ಕಹನುಮಯ್ಯ ಆ ದಿನ ಮನೆಗೆ ಬಂದು. "ಮುಖ ತಿರುಗಿಸ್ಕಂಡ್ಬುಟ್ಟ. ಅದೇ ಶಾಪ."

ಆಮೇಲೆ ಅವನು ಆಳು ತರಲಿಲ್ಲ. ಕೆರೆಯ ಕೆಳಗೆ ಗುತ್ತಿಗೆಗೆ ಹಿಡಿದ ತುಂಡು ನೆಲದಲ್ಲಿ ಸೊಪ್ಪು ಬೆಳೆದ. ಮಾತು ಕಡಿಮೆಯಾಯಿತು. ಆದರೆ ಗೊರಗುಂಟೆಪಾಳ್ಯದಲ್ಲಿ ಲಾರಿ ಬಂದು ಹೊಸ ಜನ ಇಳಿದರೆಂದು ಕಿವಿಗೆ ಬಿದ್ದರೆ ಸಾಕು, ಕುಡುಗೋಲು ಅಲ್ಲೇ ಬಿಟ್ಟು ಹೋಗಿ ಆ ಜನರ ಮುಂದೆ ನಿಲ್ಲುತ್ತಿದ್ದ. "ಯಾರಾನ ಒಬ್ರು ಬಂದು ನೋಡಿದ್ರಾ? ನೀರು ನೋಡಿದ್ರಾ? ಯಾವ ಕಾಲ್ದಾಗೆ ನೋಡಿದ್ರಿ?" ದಣಿದು ಬಂದಿಳಿದ ಜನ ಯಾರೋ ತಲೆಕೆಟ್ಟ ಮುದುಕನೆಂದು ಪಕ್ಕಕ್ಕೆ ಸರಿಯುತ್ತಿದ್ದರು. ಮೇಸ್ತ್ರಿಗಳು ಗದರಿಸಿ ಕಳಿಸುತ್ತಿದ್ದರು. ಒಮ್ಮೆ ಆ ಲಾರಿ ಮುನಿಕೃಷ್ಣಪ್ಪನದೇ ಆಗಿತ್ತು. ಕಂಟ್ರಾಕ್ಟರು ನೋಡುತ್ತಿದ್ದಾನೆಂಬ ಅವಮಾನಕ್ಕೆ ಅವನು ಚಿಕ್ಕಪ್ಪನ ತೋಳು ಹಿಡಿದು ಜಾಡಿಸಿದ, ಮುದುಕ ಜಲ್ಲಿಯ ಮೇಲೆ ಬಿದ್ದ. ಮಂಡಿ ತರಚಿಕೊಂಡು ಮನೆಗೆ ಬಂದು ಹೆಂಡತಿಗೆ, "ಕಾಲ್ ಜಾರ್ತು," ಎಂದ. ಮುನಿಶಾಮಮ್ಮನಿಗೆ ನಿಜ ತಿಳಿಯಲು ತಡವಾಗಲಿಲ್ಲ. ಅವಳೂ ಯಾರಿಗೂ ಹೇಳಲಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಅವನು ಒಗೆದ ಪಂಚೆ ಉಟ್ಟು, "ಕಲ್ಲುಗುಟ್ಟೆಗೆ ಓಗ್ಬತ್ತೀನಿ," ಎಂದು ಹೊರಡುತ್ತಿದ್ದ. ಜಾಫರನ ಅಂಗಡಿಯವರೆಗೆ ಹೋಗುತ್ತಿದ್ದ. ಅಲ್ಲಿ ಟೀ ಕುಡಿಯುತ್ತಾ ಕೂತು, ಗಾಡಿ ಬಂದು ಹೋಗುವುದನ್ನು ನೋಡಿ, ಹಾಗೇ ಮನೆಗೆ ವಾಪಸಾಗುತ್ತಿದ್ದ. "ಇವತ್ತಾದ್ರೂ ಹತ್ತಿ ಮೇಸ್ತ್ರಿ," ಎಂದು ಜಾಫರ್ ಹೇಳಿ ಹೇಳಿ ಕೊನೆಗೆ ಹೇಳುವುದನ್ನು ಬಿಟ್ಟಿದ್ದ.

* * *

ಸ್ವಂತ ಹೊಲ ಇದ್ದವರು ಹೊಲದಲ್ಲೇ ಮಣ್ಣಾಗುತ್ತಾರೆ. ಚಿಕ್ಕಹನುಮಯ್ಯನ ಅಪ್ಪ, ತಾತ ಮಲಗಿದ್ದ ಜಾಗ ಕಾಂಪೌಂಡಿನ ಒಳಗಿತ್ತು. ಹಾಗಾಗಿ ಅವನಿಗೆ ಕೆರೆಯಂಗಳದ ಅಂಚಿನಲ್ಲಿ, ಎಲ್ಲರಿಗೂ ಸೇರಿದ ಜಾಗದಲ್ಲಿ ಗುಂಡಿ ತೋಡಿದ್ದರು. ಕೆರೆ ಒಣಗಿ ದೂರಕ್ಕೆ ಸರಿದಿತ್ತು. ಅಲ್ಲಿ ಮಣ್ಣು ಮೆತ್ತಗೆ, ಗುಂಡಿ ತೋಡುವವರಿಗೆ ಸುಲಭ.

ಚಟ್ಟ ಇಳಿಸಿ ಗುಂಡಿಯನ್ನು ಸುತ್ತು ಬರಬೇಕೆನ್ನುವಾಗ ಏರಿಯ ಮೇಲಿಂದ ಸೈಕಲ್ಲಿನ ಗಂಟೆ ಕೇಳಿಸಿತು. ಜಾಫರ್ ಏದುಸಿರು ಬಿಡುತ್ತಾ ತುಳಿಯುತ್ತಿದ್ದ. ಹಿಂದೆ ಕ್ಯಾರಿಯರಿನ ಮೇಲೆ ಕೋಲಿನಂತೆ ಬಡಕಲಾದ ಒಬ್ಬ ಮುದುಕ ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದು ಕೂತಿದ್ದ.

"ತಡೀರಿ, ತಡೀರಿ," ಎಂದ ಜಾಫರ್ ಕಾಲೂರಿ. "ಇಂಜಿನ್ ಕೆಟ್ಟು ಗಾಡಿ ದೊಡ್ಡಬಳ್ಳಾಪುರದಲ್ಲಿ ನಿಂತ್ಬಿಟ್ಟಿತ್ತಂತೆ. ಕರ್ಕೊಂಡ್ ಬಂದಿದೀನಿ ಅಮ್ಮ. ನರಸಯ್ಯನವರು."

ಮುನಿಶಾಮಮ್ಮನಿಗೆ ಗುರುತೇ ಸಿಗಲಿಲ್ಲ. ಐದು ವರ್ಷದಲ್ಲಿ ಮನುಷ್ಯ ಅರ್ಧವಾಗಿದ್ದ. ಅವನನ್ನು ಕಂಡರೆ ಕಾಲು ಹಿಡಿಯಬೇಕು, ಹೀಗೆ ಬೇಡಬೇಕು, ಹಾಗೆ ಬೇಡಬೇಕು ಎಂದು ರಾತ್ರಿಯೆಲ್ಲ ಜೋಡಿಸಿಟ್ಟಿದ್ದ ಮಾತು ಈಗ ಒಂದೂ ಬರಲಿಲ್ಲ.

"ನಿನ್ ಶಾಪ ಐತೆ ಅಂತ್ಲೇ ಕೊರಗಿ ಕೊರಗಿ ಓದ್ರು ನರಸಯ್ಯಣ್ಣ," ಎಂದಳು. "ಒಂದ್ ಹಿಡಿ ಮಣ್ಣಾಕ್ಬುಡು. ಮನಸ್ ತುಂಬಿ ಬ್ಯಾಡ, ಶಾಸ್ತ್ರಕ್ಕಾದ್ರೂ ಹಾಕು."

ನರಸಯ್ಯ ಅವಳನ್ನೇ ನೋಡಿದ. "ಶಾಪನಾ? ನಾನ್ಯಾಕ್ ಹಾಕ್ಲಿ ತಾಯಿ? ನೀರು ನೋಡ್ದೋನು ನಾನು. ಎಳ್ನೀರಂಗೈತೆ ಬನ್ನಿ ಅಂತ ಊರಿಗೆ ಯೋಳ್ದೋನು ನಾನು. ನನ್ ಮಗನ್ನ ನನ್ ಬಾಯೇ ಕರ್ಕಂಬಂತು."

"ಮತ್ತೆ ಟೇಸನ್ನಾಗೆ ಮುಖ ತಿರುಗಿಸ್ಕಂಡೆ?"

"ಯಾವ್ ಮುಖ ಇಟ್ಕಂಡು ನೋಡ್ಲಿ? ನಂಬಿ ಕರ್ದೋನು ಮೇಸ್ತ್ರಿ. ನೆಟ್ಟಗೆ ನೋಡ್ದೇ ಅವನ ಹೆಸರು ಮಣ್ಣುಪಾಲು ಮಾಡ್ದೋನು ನಾನು. ಬಯ್ಕಂಡಿರ್ತಾನೆ ಅಂತ ಊರಿಂದ ಈಚೆಗೇ ಬರ್ಲಿಲ್ಲ."

ಜಾಫರ್ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಒಣ ಕೆರೆಯ ಕಡೆ ಮುಖ ಮಾಡಿದ. ಇಬ್ಬರು ಮುದುಕರು ಐದು ವರ್ಷ ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದರು. ಇಬ್ಬರ ಊರುಗಳ ನಡುವೆ ದಿನಾ ರೈಲು ಓಡಾಡುತ್ತಿತ್ತು.

"ಸರಿ ಬಿಡಿ ಯಜಮಾನ್ರೆ, ಆಗಿದ್ದಾಯ್ತು," ಎಂದ ಮುನಿಕೃಷ್ಣಪ್ಪ. ಮಾತು ಒರಟಾಗಿದ್ದರೂ ದನಿ ಮೆತ್ತಗಿತ್ತು. "ಹೊತ್ತಾಗ್ತಾ ಐತೆ. ಇಳಿಸ್ತೀವಿ, ನೀವೂ ಮಣ್ಣಾಕಿ."

ನರಸಯ್ಯ ಗುಂಡಿಯ ಅಂಚಿಗೆ ಬಂದ. "ಇದನ್ನ ಯಾರು ನೋಡಿದ್ರು?" 

"ನೋಡೋದೇನೈತೆ ಅದರಾಗೆ? ಗುಂಡಿ."

"ಮೇಸ್ತ್ರಿನ ಕಳಿಸ್ತಾ ಇದೀರಲ್ಲಪ್ಪ. ಯಾರೂ ನೋಡ್ದಂಗೇ ಕಳಿಸ್ತೀರಾ?"

ಯಾರಿಗಾದರೂ ಅರ್ಥವಾಗುವ ಮೊದಲೇ ಅವನು ಅಂಗಿ ಬಿಚ್ಚಿ ಪಕ್ಕಕ್ಕಿಟ್ಟು, ಅಂಚು ಹಿಡಿದು ಗುಂಡಿಯೊಳಗೆ ಇಳಿದುಬಿಟ್ಟ. ಅಂಗಾತ ಮಲಗಿದ. ತಮಟೆ ನಿಂತುಹೋಯಿತು. ಬದುಕಿರುವವನು ಗುಂಡಿಯಲ್ಲಿ ಮಲಗುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಇದೇನು ಅಪಶಕುನ, ಎಬ್ಬಿಸಿ ಅವನನ್ನು ಎಂದು ಹಿರಿಯರೊಬ್ಬರು ಮುಂದೆ ಬಂದರು.

"ಬಿಡಿ, ನೋಡ್ಲಿ," ಎಂದಳು ಮುನಿಶಾಮಮ್ಮ.

ನರಸಯ್ಯ ಮಲಗಿದ್ದಲ್ಲೇ ಗುಂಡಿಯ ಗೋಡೆಯನ್ನು ಅಂಗೈಯಿಂದ ಸವರಿದ. ಉಗುರಿನಿಂದ ಕೆರೆದ. ಮಣ್ಣಿನ ಜೊತೆ ಪುಟ್ಟ ಬಿಳಿ ಬಸವನಹುಳುವಿನ ಚಿಪ್ಪುಗಳು ಉದುರಿದವು. ಅವನ್ನು ಆರಿಸಿ ಎದ್ದು ಕೂತು, ಮೇಲೆ ನಿಂತವರಿಗೆ ಕೈ ಚಾಚಿ ತೋರಿಸಿದ.

"ಇಲ್ಲಿ ಬ್ಯಾಡ. ಈಗ ಬ್ಯಾಸಗೆ, ಒಣಗೈತೆ. ಮಳೆ ಬಂದ್ರೆ ಕೆರೆ ಇಲ್ಲಿಗಂಟ ಬತ್ತದೆ. ಮೇಸ್ತ್ರಿ ನೀರಾಗೆ ಮಲ್ಗಬೇಕಾಯ್ತದೆ."

"ಅಯ್ಯೋ, ಸತ್ತೋರಿಗೆ ನೀರಾದ್ರೇನು ನೆಲವಾದ್ರೇನು," ಎಂದ ಮುನಿಕೃಷ್ಣಪ್ಪ. 

"ಆವತ್ತು ಮಳೆಗಾಲ್ದಾಗೆ ನೋಡಿ ಬ್ಯಾಸಗೆ ಮರ್ತೆ ಕಣಪ್ಪ," ಎಂದ ನರಸಯ್ಯ. "ಇವತ್ತು ಬ್ಯಾಸಗೇಲಿ ನೋಡ್ತಾ ಇವ್ನಿ. ಮಳೆಗಾಲ ಮರ್ತು ಇನ್ನೊಂದ್ ಕಿತ ಊರಿಗೆ ಏನಂತ ಯೋಳ್ಲಿ?"

"ತೋಡಿದ್ ಗುಂಡಿ ಬರಿದು ಬಿಟ್ರೆ ಇನ್ನೊಂದ್ ಹೆಣ ಕೇಳ್ತದೆ," ಎಂದರು ಹಿರಿಯರು.

"ಕೇಳಿದ್ರೆ ನನ್ ಹೆಸರು ಯೋಳಿ," ಎಂದು ನರಸಯ್ಯ ಮೇಲೆ ಹತ್ತಿದ.

ಅವನು ಗುದ್ದಲಿ ಎತ್ತಿಕೊಂಡು ಪಕ್ಕದ ದಿಬ್ಬದ ಕಡೆ ನಡೆದ. ಹೊಂಗೆಮರದ ಹತ್ತಿರ ಎತ್ತರ ನೋಡಿಕೊಂಡು ಮೊದಲ ಏಟು ಹಾಕಿದ. ಗರಸು ನೆಲ, ಗುದ್ದಲಿ ಠಣ್ ಎಂದು ಹಿಂದಕ್ಕೆ ಪುಟಿಯಿತು. ಎರಡು ಏಟಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾ ಮುದುಕ ಒಬ್ಬನೇ ಅಗೆಯತೊಡಗಿದ. ಮುನಿಶಾಮಮ್ಮ ಚಟ್ಟದ ಪಕ್ಕದಲ್ಲಿ ಕೂತು ಗಂಡನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದಳು. ಜನ ಆ ಕಡೆ ಈ ಕಡೆ ನೋಡಿದರು. ಮುನಿಕೃಷ್ಣಪ್ಪ ಗೊರಗುಂಟೆಪಾಳ್ಯದ ದಿಕ್ಕಿಗೆ ನೋಡಿದ, ಹೊತ್ತು ನೋಡಿದ. ಲಾರಿ ಬಂದು ಜನ ಇಳಿಯುತ್ತಿರಬೇಕು. ಆಮೇಲೆ ಪಂಚೆ ಎತ್ತಿ ಕಟ್ಟಿ ದಿಬ್ಬ ಹತ್ತಿ ಹೋಗಿ ಮುದುಕನ ಕೈಯಿಂದ ಗುದ್ದಲಿ ಇಸಿದುಕೊಂಡ. ಅವನ ಆಳುಗಳೂ ಹಿಂದೆ ಹೋದರು. ಜಾಫರ್ ಸೈಕಲ್ ಒರಗಿಸಿ ಮಣ್ಣು ಹೊರಲು ಮಂಕರಿ ಹಿಡಿದ. ನರಸಯ್ಯನೂ ಸುಮ್ಮನಿರದೆ ಕೈಯಿಂದಲೇ ಮಣ್ಣು ಬಾಚಿ ಬಾಚಿ ಮೇಲಕ್ಕೆ ಎಸೆಯುತ್ತಿದ್ದ. ಕೆಂಪು ಗರಸು ಅವನ ತಲೆ, ಹುಬ್ಬು, ಹೆಗಲ ಮೇಲೆಲ್ಲ ಕೂತಿತು.

ಗುಂಡಿ ಆಗುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ನರಸಯ್ಯ ಮತ್ತೆ ಮಲಗಿದ. ಈ ಸಲ ಬಹಳ ಹೊತ್ತು ಏಳಲಿಲ್ಲ. ಮುನಿಕೃಷ್ಣಪ್ಪನೂ ಅವಸರ ಮಾಡಲಿಲ್ಲ, ಗುದ್ದಲಿ ಊರಿಕೊಂಡು ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಾದ.

"ಇಲ್ಲಿ ಆಯ್ತದೆ," ಎಂದು ನರಸಯ್ಯ ಕೊನೆಗೆ ಎದ್ದು ನಿಂತ. ಮೇಲೆ ಬರಲಿಲ್ಲ. "ಇತ್ಲಾಗ್ ಕೊಡಿ ಮೇಸ್ತ್ರಿನ."

ಮೇಲಿನಿಂದ ನಾಲ್ವರು ಹೆಣ ಇಳಿಬಿಟ್ಟರು. ನರಸಯ್ಯ ಒಳಗೆ ನಿಂತು ತಲೆಯ ಭಾಗವನ್ನು ಎರಡೂ ತೋಳಲ್ಲಿ ಹಿಡಿದು, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಬಗ್ಗಿ ನೆಲಕ್ಕಿಟ್ಟ. ಬಗ್ಗಿದಾಗ ಅವನ ನೆರೆತ ಕೂದಲಿನಿಂದ, ಹುಬ್ಬಿನಿಂದ ಒಣ ಮಣ್ಣು ಚಿಕ್ಕಹನುಮಯ್ಯನ ಎದೆಯ ಮೇಲೆ ಉದುರಿತು. ಹೊಸ ಬಟ್ಟೆ ಕೊಳೆಯಾಯಿತೆಂದು ಮುನಿಕೃಷ್ಣಪ್ಪ ಟವೆಲ್ಲಿನಿಂದ ಒರೆಸಲು ಗುಂಡಿಗೆ ಇಳಿಯಹೋದ. ಮುನಿಶಾಮಮ್ಮ ಅವನ ಕೈ ಹಿಡಿದು ತಡೆದಳು.